ಹೊಗೆ ಹೋಗೋ ಪೈಪಿಗೆ ಗಾಳಿ ಯಾಕೆ?

"ಹೊಗೆ ಹೊರಗೆ ಹೋಗೋ ಪೈಪಿಗೆ ಯಾಕ್ರಪ್ಪ ಗಾಳಿ ಬಿಡ್ತಾರೆ? ಹೇಳಿ ನೋಡೋಣ, ಇಂಜಿನಿಯರ್ ಸಾಹೇಬ್ರೆ."

ಕಾಲೇಜಿನ ಹಿಂದಿನ ಗೇಟ್ ಎದುರಿಗಿರೋ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಅಣ್ಣ ಹೀಗೆ ಕೇಳಿದಾಗ ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ತಮಾಷೆ ಏನಂದ್ರೆ, ಇದೇ ಪ್ರಶ್ನೆಗೆ ಹದಿನೈದು ದಿನದ ಹಿಂದೆ ಇಂಟರ್ನಲ್ಸ್‌ನಲ್ಲಿ ಐದು ಮಾರ್ಕ್ಸಿನ ಉತ್ತರ ಬರೆದು ಬಂದಿದ್ದೆವು. ಚಿತ್ರ ಬಿಡಿಸಿ, ಬಾಣ ಹಾಕಿ, ಕೆಳಗೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು. ಮೂವರಿಗೂ ನಾಲ್ಕರ ಮೇಲೆ ಮಾರ್ಕ್ಸ್ ಬಂದಿತ್ತು. ಆದರೆ ಅಣ್ಣನ ಎದುರು ನಿಂತಾಗ ಬಾಯಿಂದ ಬಂದಿದ್ದು ಇಷ್ಟೇ: "ಅದು... ಆಕ್ಸಿಡೇಷನ್ ಅಣ್ಣ."

"ಅಂದ್ರೆ?"

ಅಂದ್ರೆ ಏನು ಅಂತ ನಮಗೇ ಗೊತ್ತಿರಲಿಲ್ಲ. ಈ ಬರಹ ಆ "ಅಂದ್ರೆ?"ಗೆ ಉತ್ತರ ಹುಡುಕಿದ ಕಥೆ. ನಾವು ಮೂವರೂ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಕನ್ನಡ ಮಾತಾಡ್ತೀವಿ, ಸಿನಿಮಾ ನೋಡ್ತೀವಿ, ಜಗಳ ಆಡ್ತೀವಿ. ಆದರೆ ಓದಿದ್ದನ್ನು ಕನ್ನಡದಲ್ಲಿ ಹೇಳೋ ಅಭ್ಯಾಸ ಇಲ್ಲ. ಹಾಗಾಗಿ ತಪ್ಪುಗಳಿದ್ದರೆ ಸಂಘದ ಸೀನಿಯರ್‌ಗಳು ತಿದ್ದಿಕೊಂಡು ಓದಬೇಕು ಅಂತ ಮೊದಲೇ ಕೇಳಿಕೊಳ್ತೀವಿ.

ನಮ್ಮಲ್ಲಿ ಒಬ್ಬನ ಹತ್ತಿರ ಅವನ ಅಪ್ಪನ 2011ರ ಬೈಕ್ ಇದೆ. 150 ಸಿಸಿ, ಕಾರ್ಬುರೇಟರ್ ಗಾಡಿ. ಅಪ್ಪ ಹದಿಮೂರು ವರ್ಷ ಓಡಿಸಿ, ಮಗ ಹಾಸನಕ್ಕೆ ಓದೋಕೆ ಬಂದಾಗ "ಜೋಪಾನ" ಅಂತ ಹೇಳಿ ಕೀ ಕೊಟ್ಟಿದ್ದಾರೆ. ಪೆಟ್ರೋಲ್ ಮೂವರೂ ಹಾಕಿಸ್ತೀವಿ, ಹಾಗಾಗಿ ಬೈಕ್ ಮೂವರದ್ದೂ. ಹೋದ ಮಳೆಗಾಲದಲ್ಲಿ ಇದ್ದಕ್ಕಿದ್ದ ಹಾಗೆ ಅದಕ್ಕೊಂದು ಕಾಯಿಲೆ ಶುರುವಾಯ್ತು. ಓಡ್ತಾ ಓಡ್ತಾ ಆಕ್ಸಿಲರೇಟರ್ ಬಿಟ್ಟರೆ ಸಾಕು, ಸೈಲೆನ್ಸರಿನಿಂದ ಪಟ್ ಪಟ್ ಪಟಾರ್ ಅಂತ ಪಟಾಕಿ ಸಿಡಿದ ಸದ್ದು. ಹಾಸ್ಟೆಲ್ ಇಳಿಜಾರಿನಲ್ಲಿ ಬರುವಾಗ ಸೆಕ್ಯುರಿಟಿ ಅಂಕಲ್ ಎದ್ದು ನಿಲ್ಲೋರು. ಐಡ್ಲಿಂಗೂ ಸರಿ ಇರಲಿಲ್ಲ, ಸಿಗ್ನಲ್‌ನಲ್ಲಿ ಒಮ್ಮೆ ಏರೋದು, ಒಮ್ಮೆ ಇಳಿದು ಆಫ್ ಆಗೋದು.

ಗ್ಯಾರೇಜಿಗೆ ತಗೊಂಡು ಹೋದೆವು. ಅಣ್ಣ ಎರಡು ಸಲ ರೈಸ್ ಮಾಡಿ ಬಿಟ್ಟು ನೋಡಿದರು. ಇಂಜಿನ್ ಪಕ್ಕದಿಂದ ಎಕ್ಸಾಸ್ಟ್ ಕಡೆಗೆ ಹೋಗೋ ಒಂದು ರಬ್ಬರ್ ಪೈಪ್ ಬಿಚ್ಚಿ, ಅದರೊಳಗೆ ಒಂದು ಬೋಲ್ಟ್ ತುರುಕಿ, ಮತ್ತೆ ಕ್ಲಿಪ್ ಹಾಕಿದರು. ಐಡ್ಲಿಂಗ್ ನಿಲ್ಲೋ ಹಾಗೆ ಕಾರ್ಬುರೇಟರಿನ ಸ್ಕ್ರೂ ತಿರುಗಿಸಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಬರೋ ಹಾಗೆ ಮಾಡಿದರು. ಹತ್ತೇ ನಿಮಿಷ. ಪಟ್ ಪಟ್ ಮಾಯ. "ಆ ಪೈಪಿಂದ ಗಾಡಿಗೆ ಏನೂ ಉಪಯೋಗ ಇಲ್ಲ ಕಣ್ರಪ್ಪ. ಕಂಪನಿಯವರು ಸುಮ್ನೆ ಕೊಟ್ಟಿರ್ತಾರೆ" ಅಂದರು. ಆಮೇಲೆ ಬಂದಿದ್ದೇ ಮೇಲಿನ ಪ್ರಶ್ನೆ.

ನಮಗೆ ಖುಷಿಯಾಗಿತ್ತು. ನಲವತ್ತು ರೂಪಾಯಿಗೆ ಕೆಲಸ ಮುಗೀತು.

ಎರಡು ವಾರ ಬಿಟ್ಟು ಎಮಿಷನ್ ಟೆಸ್ಟಿಗೆ ಹೋದೆವು. ಆರು ತಿಂಗಳಿಗೊಮ್ಮೆ ಮಾಡಿಸೋ ಟೆಸ್ಟ್ ಅದು. ಸೈಲೆನ್ಸರಿನ ಬಾಯಿಗೆ ಕಡ್ಡಿ ಹಾಕಿದರೆ ಹೊಗೆಯಲ್ಲಿ ಏನೇನು ಎಷ್ಟೆಷ್ಟಿದೆ ಅಂತ ಮೆಷಿನ್ ತೋರಿಸುತ್ತೆ. ನಮ್ಮದರಂಥ 2000ದ ನಂತರದ ಫೋರ್ ಸ್ಟ್ರೋಕ್ ಬೈಕಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ 3.5 ಶೇಕಡಾ ದಾಟಬಾರದು, ಸುಡದೆ ಉಳಿದ ಪೆಟ್ರೋಲಿನ ಅಂಶ, ಅಂದರೆ ಹೈಡ್ರೋಕಾರ್ಬನ್, 4500 ಪಿಪಿಎಂ ದಾಟಬಾರದು. ನಮ್ಮ ಕಾರ್ಬನ್ ಮಾನಾಕ್ಸೈಡ್ 4ರ ಮೇಲಿತ್ತು. ಫೇಲ್.

ಟೆಸ್ಟ್ ಮಾಡುವವರು ಮೆಲ್ಲಗೆ, "ಬೇಕಾದ್ರೆ ಅಡ್ಜಸ್ಟ್ ಮಾಡೋಣ, ಸ್ವಲ್ಪ ಜಾಸ್ತಿ ಆಗುತ್ತೆ" ಅಂದರು. ನಾವೇನು ಸಾಧು ಸಂತರಲ್ಲ, ಮೂವರ ಜೇಬೂ ತಡಕಿದೆವು. ತಿಂಗಳ ಕೊನೆ, ದುಡ್ಡಿರಲಿಲ್ಲ. ಹೀಗೆ ದುಡ್ಡಿಲ್ಲದ ಕಾರಣಕ್ಕೆ ನಾವು ಪ್ರಾಮಾಣಿಕರಾಗಿ ಉಳಿದು, ಹಾಸ್ಟೆಲ್ ಶೆಡ್ಡಿನಲ್ಲಿ ಬೈಕ್ ನಿಲ್ಲಿಸಿ ಆ ಪೈಪಿನ ಜಾಡು ಹಿಡಿದೆವು.

ಮೊದಲು ಹೊಗೆಯ ಕಥೆ ಹೇಳಬೇಕು. ಪೆಟ್ರೋಲ್ ಪೂರ್ತಿ ಉರಿಯೋಕೆ ಒಂದು ಕೆಜಿಗೆ ಹೆಚ್ಚುಕಡಿಮೆ 14.7 ಕೆಜಿ ಗಾಳಿ ಬೇಕು. ಕಾರ್ಬುರೇಟರ್ ಗಾಡಿ ಐಡ್ಲಿಂಗ್‌ನಲ್ಲಿ ನಿಲ್ಲದೆ ಓಡಲಿ ಅಂತ ಗಾಳಿಗಿಂತ ಪೆಟ್ರೋಲನ್ನು ಸ್ವಲ್ಪ ಧಾರಾಳವಾಗಿ ಕೊಡ್ತಾರೆ. ಗಾಳಿ ಸಾಲದೇ ಹೋದರೆ ಪ್ರತಿ ಕಾರ್ಬನ್ನಿಗೂ ಎರಡು ಆಕ್ಸಿಜನ್ ಸಿಗಲ್ಲ, ಒಂದೇ ಸಿಗುತ್ತೆ. ಆ ಅರ್ಧ ಸುಟ್ಟ ಅನಿಲವೇ ಕಾರ್ಬನ್ ಮಾನಾಕ್ಸೈಡ್. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತೆ. ಆಕ್ಸಿಜನ್ ಕೂರಬೇಕಾದ ಸೀಟಿನಲ್ಲಿ ಟವೆಲ್ ಹಾಕಿ ಕೂತುಬಿಡುತ್ತೆ ಅಂದುಕೊಳ್ಳಿ.

ಅರ್ಧ ಸುಟ್ಟಿದ್ದನ್ನು ಪೂರ್ತಿ ಸುಡೋದಕ್ಕೇ ಆ ಪೈಪ್ ಇರೋದು. ಏರ್ ಫಿಲ್ಟರ್ ಡಬ್ಬಿಯಿಂದ ಶುದ್ಧ ಗಾಳಿಯನ್ನು ಅದು ಎಕ್ಸಾಸ್ಟ್ ವಾಲ್ವಿನ ಪಕ್ಕಕ್ಕೇ ತಂದು ಬಿಡುತ್ತೆ. ಇದಕ್ಕೆ ಸೆಕೆಂಡರಿ ಏರ್ ಇಂಜೆಕ್ಷನ್ ಅಂತ ಹೆಸರು. 'ಇಂಜೆಕ್ಷನ್' ಅಂದ ತಕ್ಷಣ ನಾವು ಪಂಪ್ ಹುಡುಕಿದೆವು. ಪಂಪೇ ಇಲ್ಲ! ಇಂಜಿನ್ನಿನಿಂದ ಹೊಗೆ ಒಂದೇ ಸಮನೆ ಬರಲ್ಲ, ಎದೆ ಬಡಿತದ ಹಾಗೆ ದಬ್ ದಬ್ ಅಂತ ಬರುತ್ತೆ. ಒಂದು ದಬ್ ಮುಗಿದು ಹೊಗೆ ಮುಂದೆ ನುಗ್ಗಿದಾಗ ಅದರ ಹಿಂದೆ ಒಂದು ಕ್ಷಣ ಒತ್ತಡ ಹೊರಗಿನ ಗಾಳಿಗಿಂತ ಕಡಿಮೆಯಾಗುತ್ತೆ. ಆಗ ಹಾರ್ಮೋನಿಯಂ ಒಳಗಿನ ಪಟ್ಟಿಯಂಥ ಒಂದು ತೆಳು ಉಕ್ಕಿನ ನಾಲಿಗೆ ತೆರೆದುಕೊಂಡು ಗಾಳಿ ಒಳಗೆ ಹೋಗುತ್ತೆ. ಮುಂದಿನ ದಬ್ ಬಂದಾಗ ಆ ನಾಲಿಗೆ ಮುಚ್ಚಿಕೊಳ್ಳುತ್ತೆ, ಹೊಗೆ ಹಿಂದಕ್ಕೆ ಬರಲ್ಲ. ಕರೆಂಟ್ ಬೇಡ, ಬೆಲ್ಟ್ ಬೇಡ. ಇಂಜಿನ್ ನಿಧಾನಕ್ಕೆ ಓಡುವಾಗ ಇದು ಚೆನ್ನಾಗಿ ಕೆಲಸ ಮಾಡುತ್ತೆ, ಜೋರಾಗಿ ಓಡುವಾಗ ದಬ್‌ಗಳ ನಡುವೆ ಪುರುಸೊತ್ತೇ ಇರಲ್ಲ.

ಹಾಗಾದ್ರೆ ಪಟಾಕಿ ಯಾಕೆ ಸಿಡೀತಿತ್ತು? ಓಡುತ್ತಾ ಆಕ್ಸಿಲರೇಟರ್ ಬಿಟ್ಟಾಗ ಥ್ರಾಟಲ್ ಮುಚ್ಚುತ್ತೆ, ಆದರೆ ಚಕ್ರ ಇಂಜಿನ್ನನ್ನು ತಿರುಗಿಸ್ತಾನೇ ಇರುತ್ತೆ. ಸಿಲಿಂಡರಿನಲ್ಲಿ ಸರಿಯಾಗಿ ಹೊತ್ತಿಕೊಳ್ಳದ ಪೆಟ್ರೋಲ್ ಆವಿ ಸೈಲೆನ್ಸರಿಗೆ ಹೋಗುತ್ತೆ. ಅಲ್ಲಿ ಬಿಸಿ ಇದೆ. ಅದೇ ಹೊತ್ತಿಗೆ ಹೊಸ ಗಾಳಿಯೂ ಸಿಕ್ಕರೆ ಅಲ್ಲೇ ಸ್ಫೋಟ. ಇದನ್ನು ಕಂಡುಹಿಡಿದವರಿಗೂ ಇದು ಗೊತ್ತಿತ್ತು. ಅದಕ್ಕೇ ದಾರಿಯಲ್ಲಿ ಇನ್ನೊಂದು ಸಣ್ಣ ವಾಲ್ವ್ ಇಟ್ಟಿದ್ದಾರೆ. ಆಕ್ಸಿಲರೇಟರ್ ಬಿಟ್ಟಾಗ ಇಂಜಿನ್ನಿನ ಒಳದಾರಿಯಲ್ಲಿ ಎಳೆತ, ಅಂದರೆ ವ್ಯಾಕ್ಯೂಮ್, ಜಾಸ್ತಿಯಾಗುತ್ತೆ. ಬೆರಳಿಗಿಂತ ಸಣ್ಣ ಒಂದು ರಬ್ಬರ್ ಟ್ಯೂಬ್ ಆ ಎಳೆತವನ್ನು ವಾಲ್ವಿಗೆ ತಲುಪಿಸುತ್ತೆ, ವಾಲ್ವ್ ಗಾಳಿಯನ್ನು ನಿಲ್ಲಿಸುತ್ತೆ.

ಆ ಸಣ್ಣ ಟ್ಯೂಬನ್ನು ಮೊಬೈಲ್ ಟಾರ್ಚ್ ಹಾಕಿ ನೋಡಿದೆವು. ತುದಿಯಲ್ಲಿ ಒಂದು ಸೆಂಟಿಮೀಟರ್ ಉದ್ದದ ಬಿರುಕು. ಹದಿಮೂರು ವರ್ಷದ ಬಿಸಿಗೆ ರಬ್ಬರ್ ಒಣಗಿ ಸೀಳಿತ್ತು. ಎಳೆತ ವಾಲ್ವಿಗೆ ಮುಟ್ತಾ ಇರಲಿಲ್ಲ, ಅದು ಮುಚ್ಚಿಕೊಳ್ತಾ ಇರಲಿಲ್ಲ. ಬಿರುಕಿನಿಂದ ಕಳ್ಳಗಾಳಿ ಒಳಗೆ ಹೋಗಿ ಐಡ್ಲಿಂಗೂ ಕೆಟ್ಟಿತ್ತು. ಅಂದರೆ ಎರಡೂ ಕಾಯಿಲೆಗೆ ಮೂಲ ಒಂದೇ, ಗೇಣುದ್ದದ ಟ್ಯೂಬ್. ನಾವು ಅದನ್ನು ಬಿಟ್ಟು ದೊಡ್ಡ ಪೈಪಿನ ಉಸಿರು ಕಟ್ಟಿದ್ದೆವು.

ಮೂರು ಜನ ಎದೆ ಉಬ್ಬಿಸಿಕೊಂಡು ಗ್ಯಾರೇಜಿಗೆ ಹೋದೆವು. ಅಣ್ಣ ಟ್ಯೂಬ್ ಕೈಯಲ್ಲಿ ಹಿಡಿದು ಬಗ್ಗಿಸಿ ನೋಡಿ, "ಹೌದಲ್ಲ, ಇದು ನನ್ನ ಕಣ್ಣಿಗೆ ಬೀಳ್ಲಿಲ್ಲ" ಅಂತ ಸಲೀಸಾಗಿ ಒಪ್ಪಿಕೊಂಡರು. ಹೊಸ ಟ್ಯೂಬ್ ಕತ್ತರಿಸಿ ಹಾಕಿದರು. ಆದರೆ ಬೋಲ್ಟ್ ತೆಗೀರಿ ಅಂದಾಗ ನಕ್ಕರು.

"ನೋಡ್ರಪ್ಪ, ಹಾಲಿಗೆ ನೀರು ಹಾಕಿದ್ರೆ ಹಾಲು ತೆಳ್ಳಗಾಗುತ್ತೆ. ಹೊಗೆಗೆ ಗಾಳಿ ಹಾಕಿದ್ರೆ ಹೊಗೆ ತೆಳ್ಳಗಾಗುತ್ತೆ. ಮೆಷಿನ್ ಪಾಸ್ ಅನ್ನುತ್ತೆ. ಇರೋ ವಿಷ ಅಷ್ಟೇ ಇರುತ್ತೆ ತಾನೆ? ಇದು ಟೆಸ್ಟ್ ಪಾಸ್ ಮಾಡೋಕೆ ಕಂಪನಿಯವರು ಮಾಡಿರೋ ಐಡಿಯಾ."

ಮತ್ತೆ ನಮ್ಮ ಬಾಯಿ ಕಟ್ಟಿತು. ಯಾಕಂದ್ರೆ ಅವರು ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಮೆಷಿನ್ ತೋರಿಸೋದು ಶೇಕಡಾವಾರು. ಗಾಳಿ ಬೆರೆಸಿದರೆ ಶೇಕಡಾ ಇಳಿದೇ ಇಳಿಯುತ್ತೆ. ಇಪ್ಪತ್ತು ವರ್ಷದಿಂದ ಸ್ಪ್ಯಾನರ್ ಹಿಡಿದ ಮನುಷ್ಯ ಸುಮ್ಮನೆ ಮಾತಾಡಿರಲಿಲ್ಲ. ನಮ್ಮ ಐದು ಮಾರ್ಕ್ಸಿನ ಉತ್ತರದಲ್ಲಿ ಈ ಅನುಮಾನವೇ ಇರಲಿಲ್ಲ. ಬೋಲ್ಟ್ ಅಲ್ಲೇ ಉಳೀತು.

ಮಾರನೇ ದಿನ ಇಂಜಿನ್ ಲ್ಯಾಬ್ ಸರ್ ಹತ್ತಿರ ಹೋಗಿ ಹಾಲು-ನೀರಿನ ಕಥೆ ಹೇಳಿದೆವು. ಸರ್ ಬೈಯ್ತಾರೆ ಅಂದುಕೊಂಡಿದ್ದರೆ, "ಇದು ಒಳ್ಳೆ ಪ್ರಶ್ನೆ, ನೀವೇ ಅಳೆದು ನೋಡಿ" ಅಂದು ಗ್ಯಾಸ್ ಅನಲೈಸರ್ ಬಳಸೋಕೆ ಬಿಟ್ಟರು. ಒಂದು ಸುಳಿವೂ ಕೊಟ್ಟರು: "ಮಾನಾಕ್ಸೈಡ್ ಒಂದನ್ನೇ ನೋಡಬೇಡಿ, ಪಕ್ಕದಲ್ಲಿರೋ ಡೈಆಕ್ಸೈಡನ್ನೂ ನೋಡಿ."

ಸುಳಿವು ಅರ್ಥ ಆಗೋಕೆ ಕ್ಯಾಂಟೀನಿನಲ್ಲಿ ಎರಡು ಟೀ ಬೇಕಾಯ್ತು. ಲೆಕ್ಕ ಹೀಗೆ. ನೂರು ಲೀಟರ್ ಹೊಗೆಯಲ್ಲಿ 4 ಲೀಟರ್ ಮಾನಾಕ್ಸೈಡ್, 10 ಲೀಟರ್ ಡೈಆಕ್ಸೈಡ್ ಇದೆ ಅಂದುಕೊಳ್ಳಿ. ಅದಕ್ಕೆ 25 ಲೀಟರ್ ಗಾಳಿ ಸುಮ್ಮನೆ ಬೆರೆಸಿದರೆ ಮಾನಾಕ್ಸೈಡ್ 3.2 ಶೇಕಡಾ, ಡೈಆಕ್ಸೈಡ್ 8 ಶೇಕಡಾ ಆಗುತ್ತೆ. ಎರಡೂ ಇಳೀತು, ಆದರೆ ಒಂದಕ್ಕೆ ಎರಡೂವರೆ ಅನ್ನೋ ಅನುಪಾತ ಮೊದಲಿದ್ದಷ್ಟೇ ಇದೆ. ಇದು ಹಾಲಿಗೆ ನೀರು. ಹಾಗಲ್ಲದೆ, ಬಂದ ಗಾಳಿಯಲ್ಲಿ 2 ಲೀಟರ್ ಮಾನಾಕ್ಸೈಡ್ ನಿಜವಾಗಿ ಸುಟ್ಟಿದ್ದರೆ? ಅದು 2 ಲೀಟರ್ ಡೈಆಕ್ಸೈಡ್ ಆಗಿ ಆ ಕಡೆ ಸೇರಿಕೊಳ್ಳುತ್ತೆ. ಆಗ ಮಾನಾಕ್ಸೈಡ್ ಸುಮಾರು 1.6, ಡೈಆಕ್ಸೈಡ್ ಸುಮಾರು 9.7. ಅನುಪಾತ ಒಂದಕ್ಕೆ ಆರು. ಬೆರೆಸಿದ್ದಕ್ಕೂ ಸುಟ್ಟಿದ್ದಕ್ಕೂ ವ್ಯತ್ಯಾಸ ಹಿಡಿಯೋಕೆ ಇಷ್ಟೇ ಸಾಕು.

ಕಾರ್ಬುರೇಟರ್ ಸ್ಕ್ರೂ ಮುಟ್ಟದೆ, ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅಳೆದೆವು. ಪೈಪಿಗೆ ಬೋಲ್ಟ್ ಇದ್ದಾಗ ಒಂದು ಸಲ, ತೆಗೆದು ಒಂದು ಸಲ, ಹೀಗೆ ಮೂರು ಸುತ್ತು. ಬೋಲ್ಟ್ ತೆಗೆದಾಗಲೆಲ್ಲ ಮಾನಾಕ್ಸೈಡ್ ಇಳೀತು. ಅದು ನಿರೀಕ್ಷೆ ಮಾಡಿದ್ದೇ. ಆದರೆ ಡೈಆಕ್ಸೈಡ್ ಅದರ ಜೊತೆ ಅಷ್ಟೇ ಪ್ರಮಾಣದಲ್ಲಿ ಇಳೀಲಿಲ್ಲ. ಮೂರು ಸುತ್ತಲ್ಲೂ ಅನುಪಾತ ಬದಲಾಗಿತ್ತು. ಸ್ವಲ್ಪ ಬೆರೆತಿದ್ದೂ ಹೌದು, ಸ್ವಲ್ಪ ಸುಟ್ಟಿದ್ದೂ ಹೌದು. ಅಣ್ಣ ಅರ್ಧ ಸರಿ, ಕಂಪನಿ ಅರ್ಧ ಸರಿ. ನಾವು ಲ್ಯಾಬಿನಲ್ಲೇ ಒಂದು ಸಣ್ಣ ಡ್ಯಾನ್ಸ್ ಮಾಡಿದೆವು.

ಆದರೆ ಗ್ಯಾರೇಜಿಗೆ ಹೋಗಿ ಅನುಪಾತದ ಲೆಕ್ಕ ಹೇಳೋದಾ? ಕೆಲಸದ ನಡುವೆ ಕೈಯೆಲ್ಲ ಆಯಿಲ್ ಮಾಡಿಕೊಂಡವರಿಗೆ ಪೇಪರ್ ತೋರಿಸೋಕೆ ಮುಜುಗರ. ಅದಕ್ಕೆ ದಾರಿ ಸಿಕ್ಕಿದ್ದು ಸಕಲೇಶಪುರದ ಹತ್ತಿರ.

ನಮ್ಮಲ್ಲಿ ಒಬ್ಬಳ ಅಜ್ಜಿ ಮನೆ ಅಲ್ಲಿದೆ. ಭಾನುವಾರ ಅಕ್ಕಿ ರೊಟ್ಟಿಯ ಆಸೆಗೆ ಮೂವರೂ ಹೋಗಿದ್ದೆವು. ಮಳೆ ಹಿಡಿದಿತ್ತು, ಸೌದೆ ಹಸಿ. ಬಚ್ಚಲ ಒಲೆಯಲ್ಲಿ ಅಜ್ಜಿ ಹಂಡೆ ನೀರು ಕಾಯಿಸ್ತಾ ಇದ್ದರು. ಮನೆ ತುಂಬ ಹೊಗೆ, ನಮ್ಮ ಕಣ್ಣಲ್ಲಿ ನೀರು. ನಮ್ಮಲ್ಲೊಬ್ಬ ಸಹಾಯ ಮಾಡೋಕೆ ಅಂತ ಊದುಗೊಳವೆ ತಗೊಂಡು ಒಲೆಯ ಬಾಯಲ್ಲಿ, ಹೊಗೆ ಬರೋ ಜಾಗಕ್ಕೆ ಊದಿದ. ಹೊಗೆಯೆಲ್ಲ ಅವನ ಮುಖಕ್ಕೇ ಬಂತು.

"ಅಲ್ಲಿ ಊದಿದ್ರೆ ಏನ್ ಬಂತೋ! ಹೊಗೆ ಚದುರುತ್ತೆ ಅಷ್ಟೇ. ಕೆಂಡದ ಹತ್ರ ಊದು" ಅಂದು ಅಜ್ಜಿ ಕೊಳವೆ ಇಸಿದುಕೊಂಡು ಒಳಗೆ ಕೆಂಡದ ಬುಡಕ್ಕೆ ಉಸಿರು ಬಿಟ್ಟರು. ಒಂದು ಸಲ, ಎರಡು ಸಲ. ಭಗ್ ಅಂತ ಹೊಗೆಗೇ ಬೆಂಕಿ ಹತ್ತಿಕೊಳ್ತು. ಸೌದೆಯ ಮೇಲೆ ಅಲ್ಲ, ಸೌದೆಯಿಂದ ಒಂದು ಬೆರಳು ಮೇಲೆ, ಹೊಗೆ ಇದ್ದ ಜಾಗದಲ್ಲೇ ಉರಿ. ಬಚ್ಚಲು ಮನೆ ಒಂದೇ ನಿಮಿಷದಲ್ಲಿ ತಿಳಿಯಾಯ್ತು.

ಮೂವರೂ ಒಟ್ಟಿಗೆ "ಅಯ್ಯೋ!" ಅಂದೆವು. ಅಜ್ಜಿ ಏನೋ ಸುಟ್ಟುಕೊಂಡೆವು ಅಂತ ಗಾಬರಿಯಾದರು.

ಒಂದೇ ಕೊಳವೆ, ಒಂದೇ ಉಸಿರು. ತಣ್ಣಗಾದ ಹೊಗೆಗೆ ಊದಿದರೆ ಹಾಲಿಗೆ ನೀರು. ಕೆಂಡದ ಪಕ್ಕ, ಹೊಗೆ ಇನ್ನೂ ಕುದಿಯುವಷ್ಟು ಬಿಸಿಯಾಗಿರೋ ಜಾಗದಲ್ಲಿ ಊದಿದರೆ ಹೊಗೆಯೇ ಸೌದೆ. ಗಾಳಿ ಪೈಪನ್ನು ಸೈಲೆನ್ಸರಿನ ತುದಿಗೆ ಕೊಡದೆ ಎಕ್ಸಾಸ್ಟ್ ವಾಲ್ವಿನ ಬುಡಕ್ಕೇ ಯಾಕೆ ಕೊಟ್ಟಿದ್ದಾರೆ ಅನ್ನೋದು ಆಗ ಅರ್ಥವಾಯ್ತು. ಆಮೇಲೆ ಪುಸ್ತಕ ತೆಗೆದು ನೋಡಿದರೆ ಅದನ್ನೇ ಅಂಕಿಯಲ್ಲಿ ಹೇಳಿತ್ತು. ಬೇರೆ ಸಹಾಯ ಇಲ್ಲದೆ ಹೈಡ್ರೋಕಾರ್ಬನ್ ಸುಡೋಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಮೇಲೆ ಬೇಕು, ಮಾನಾಕ್ಸೈಡಿಗೆ ಸುಮಾರು 700ರ ಮೇಲೆ. ಅಷ್ಟು ಬಿಸಿ ಸಿಗೋದಾದರೆ ವಾಲ್ವಿನ ಹತ್ತಿರವೇ. ಅಲ್ಲಿ ತಪ್ಪಿಸಿಕೊಂಡಿದ್ದನ್ನು ಸುಡೋಕೆ ಸೈಲೆನ್ಸರ್ ಒಳಗೆ ಜೇನುಗೂಡಿನಂಥ ಕ್ಯಾಟಲಿಟಿಕ್ ಕನ್ವರ್ಟರ್ ಇದೆ. ಅದು 250-300 ಡಿಗ್ರಿಯಲ್ಲೇ ಕೆಲಸ ಶುರು ಮಾಡುತ್ತೆ. ಆದರೆ ಅದಕ್ಕೂ ಆಕ್ಸಿಜನ್ ಬೇಕು, ಅದನ್ನು ತಂದುಕೊಡೋದೂ ಅದೇ ಪೈಪ್. ನಾವು ಬೋಲ್ಟ್ ಹಾಕಿ ಎರಡಕ್ಕೂ ಊಟ ನಿಲ್ಲಿಸಿದ್ದೆವು.

ಸೋಮವಾರ ಸಂಜೆ ಗ್ಯಾರೇಜಿಗೆ ಹೋದಾಗ ಜೋರು ಮಳೆ. ಎರಚಲು ಬೀಳುತ್ತೆ ಅಂತ ಅಣ್ಣ ಶಟರ್ ಅರ್ಧ ಇಳಿಸಿದ್ದರು. ಒಳಗೆ ಒಂದು ಬೈಕ್ ಐಡ್ಲಿಂಗ್‌ನಲ್ಲಿ ಓಡ್ತಾ ಇತ್ತು, ಅಣ್ಣ ಅದರ ಪಕ್ಕ ಕೂತು ಟ್ಯೂನಿಂಗ್ ಮಾಡ್ತಿದ್ದರು. ಕೆಲಸ ಕಲಿಯೋ ಹುಡುಗ ಸೈಲೆನ್ಸರಿನ ಹಿಂದೆಯೇ ಕೂತು ಚೈನ್ ತೊಳೀತಿದ್ದ.

ಈ ಸಲ 'ಆಕ್ಸಿಡೇಷನ್' ಅನ್ನೋ ಪದವನ್ನು ಬಾಯಿಗೇ ತರಲಿಲ್ಲ. "ಅಣ್ಣ, ನಿಮ್ಮನೇಲಿ ಒಲೆ ಇತ್ತಾ?" ಅಂತ ಶುರು ಮಾಡಿದೆವು. ಅರ್ಧ ಕಥೆ ಹೇಳೋ ಅಷ್ಟರಲ್ಲೇ ಅಣ್ಣ, "ಹೂಂ, ಕೆಂಡದ ಹತ್ರ ಊದಬೇಕು. ನಮ್ಮವ್ವ ಬೈತಿತ್ತು" ಅಂದರು. ಬಗ್ಗಿ, ಆ ಬೈಕಿನ ಗಾಳಿ ಪೈಪ್ ಎಲ್ಲಿಗೆ ಹೋಗಿ ಸೇರುತ್ತೆ ಅಂತ ಬೆರಳಲ್ಲಿ ಹಿಡಿದು ನೋಡಿದರು. "ಹಂಗಾದ್ರೆ ಇದು ಊದುಗೊಳವೆ ಅನ್ನಿ." ಅಷ್ಟೇ. ನಮ್ಮ ಹದಿನೈದು ದಿನದ ಓದು ಒಂದು ಪದಕ್ಕೆ ಬಂದು ನಿಂತಿತು.

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಕೇಳಿದರು. "ಸುಡದೆ ಉಳಿದ್ರೆ ಏನಾಗುತ್ತೆ ಅಂದ್ರಿ?"

ಹಿಮೋಗ್ಲೋಬಿನ್ ಸೀಟಿನ ಕಥೆ ಹೇಳಿದೆವು. ಮುಚ್ಚಿದ ಜಾಗದಲ್ಲಿ ಜಾಸ್ತಿ ಸೇರಿದರೆ ತಲೆನೋವು, ತಲೆಸುತ್ತು, ಇನ್ನೂ ಜಾಸ್ತಿಯಾದರೆ ಜೀವಕ್ಕೇ ಅಪಾಯ ಅಂದೆವು.

"ಮಳೆಗಾಲದಲ್ಲಿ ಸಾಯಂಕಾಲ ಆದ್ರೆ ನಂಗೆ ತಲೆ ಸಿಡಿಯುತ್ತೆ ಕಣ್ರಪ್ಪ. ಗುಳಿಗೆ ತಗೊಂಡು ಮಲಗ್ತೀನಿ. ಕೆಲಸದ್ದು ಅಂದುಕೊಂಡಿದ್ದೆ."

ಯಾರೂ ಮಾತಾಡಲಿಲ್ಲ. ನಾವು ಡಾಕ್ಟರ್ ಅಲ್ಲ, ತಲೆನೋವಿಗೆ ಸಾವಿರ ಕಾರಣ ಇರುತ್ತೆ. ಆದರೆ ಆ ಅರ್ಧ ಮುಚ್ಚಿದ ಶಟರ್, ಓಡ್ತಿದ್ದ ಇಂಜಿನ್, ಸೈಲೆನ್ಸರ್ ಹಿಂದೆ ಕೂತ ಹುಡುಗ ಮೂರೂ ಒಟ್ಟಿಗೆ ಕಣ್ಣಿಗೆ ಬಿದ್ದವು. ಅಣ್ಣ ಎದ್ದು ಹೋಗಿ ಇಂಜಿನ್ ಆಫ್ ಮಾಡಿದರು. ಶಟರ್ ಪೂರ್ತಿ ಎತ್ತಿದರು. ಎರಚಲು ಒಳಗೆ ಬಂತು. ಹುಡುಗನಿಗೆ "ಏಯ್, ಈ ಕಡೆ ಬಂದು ಕೂತ್ಕೊ" ಅಂದರು.

ಆಮೇಲೆ ನಮ್ಮ ಬೈಕಿನ ಬೋಲ್ಟ್ ತೆಗೆದರು. ಕಾರ್ಬುರೇಟರ್ ಸ್ಕ್ರೂವನ್ನು ಮೊದಲಿನ ಜಾಗಕ್ಕೆ ತಂದರು. ಟ್ಯೂಬ್ ಹೊಸದಾಗಿದ್ದರಿಂದ ಐಡ್ಲಿಂಗ್ ತಾನಾಗಿಯೇ ನಿಂತಿತ್ತು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ನೋಡಿದೆವು. ಪಟಾಕಿ ಇಲ್ಲ. ಎಮಿಷನ್ ಟೆಸ್ಟ್ ಪಾಸ್ ಆಯ್ತು, ಯಾವ ಅಡ್ಜಸ್ಟೂ ಇಲ್ಲದೆ.

ಇದನ್ನು ಬರೆಯೋಕೆ ಕೂತಾಗ ಲೈಬ್ರರಿಯಲ್ಲಿ ಈ ಪೈಪಿನ ಮೂಲ ಹುಡುಕಿದೆವು. ಅದು ಅಮೆರಿಕದ ಲಾಸ್ ಏಂಜಲೀಸ್ ತನಕ ಕರ್ಕೊಂಡು ಹೋಯ್ತು. 1940ರ ದಶಕದಿಂದ ಆ ಊರಿನ ಮೇಲೆ ಕಣ್ಣುರಿಸೋ ಮಬ್ಬು ಕವಿಯುತ್ತಿತ್ತು. ಕ್ಯಾಲ್‌ಟೆಕ್‌ನ ವಿಜ್ಞಾನಿ ಹಾಗೆನ್-ಸ್ಮಿಟ್ 1950ರ ದಶಕದ ಶುರುವಿನಲ್ಲಿ ಅದರ ಗುಟ್ಟು ಬಿಡಿಸಿದರು: ಸುಡದ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್‌ಗಳು ಬಿಸಿಲಿನಲ್ಲಿ ಸೇರಿ ಓಜೋನ್ ಆಗ್ತಿವೆ ಅಂತ. ಕೊನೆಗೆ ಕ್ಯಾಲಿಫೋರ್ನಿಯಾ 1966ರ ಮಾಡೆಲ್ ಕಾರುಗಳಿಗೆ ಹೊಗೆಯ ಮಿತಿ ಹಾಕಿತು, 1968ರ ಮಾಡೆಲ್‌ಗಳಿಂದ ಇಡೀ ಅಮೆರಿಕಕ್ಕೆ ಮಿತಿ ಬಂತು. ಆಗ ಜನರಲ್ ಮೋಟರ್ಸ್, ಫೋರ್ಡ್‌ನವರು ಇಂಜಿನ್ನಿಗೆ ಬೆಲ್ಟ್ ಕಟ್ಟಿ ಗಾಳಿ ಪಂಪ್ ಓಡಿಸಿ, ಎಕ್ಸಾಸ್ಟ್ ಪೋರ್ಟಿಗೆ ಗಾಳಿ ತಳ್ಳಿದರು. ಜನ ಅದನ್ನು 'ಸ್ಮಾಗ್ ಪಂಪ್' ಅಂದರು. ಪವರ್ ತಿನ್ನುತ್ತೆ ಅಂತ ಹೇಳಿ ಎಷ್ಟೋ ಜನ ಬಿಚ್ಚಿ ಬಿಸಾಕಿದರು. ಓದಿ ನಮಗೆ ನಗು ಬಂತು. ಅಲ್ಲಿಯ ಪಂಪ್, ಹಾಸನದ ಬೋಲ್ಟ್, ಎರಡರ ಹಿಂದಿನ ಯೋಚನೆ ಒಂದೇ.

ಯಾಕೆ ಹೀಗಾಗುತ್ತೆ ಅಂತ ನಾವು ಆಮೇಲೆ ತುಂಬ ಮಾತಾಡಿಕೊಂಡೆವು. ಬೈಕಿನಲ್ಲಿರೋ ಬೇರೆ ಎಲ್ಲ ಭಾಗದಿಂದಲೂ ಓಡಿಸೋನಿಗೆ ಏನಾದರೂ ಸಿಗುತ್ತೆ. ಬ್ರೇಕ್ ಕೆಟ್ಟರೆ ನಮಗೆ ಭಯ, ಪಿಕಪ್ ಇಳಿದರೆ ನಮಗೆ ಬೇಜಾರು, ಮೈಲೇಜ್ ಇಳಿದರೆ ನಮ್ಮ ಜೇಬು. ಈ ಗಾಳಿ ಪೈಪ್ ಮಾತ್ರ ಓಡಿಸೋನಿಗೆ ಏನೂ ಕೊಡಲ್ಲ. ಅದು ಕೆಲಸ ಮಾಡೋದು ಪೂರ್ತಿ ಹಿಂದೆ ಬರೋರಿಗಾಗಿ. ಸಿಗ್ನಲ್‌ನಲ್ಲಿ ನಮ್ಮ ಹಿಂದೆ ನಿಂತ ಸ್ಕೂಟಿಯ ಆಂಟಿಗೆ, ಫುಟ್‌ಪಾತ್ ಮೇಲೆ ಹೂ ಮಾರೋರಿಗೆ, ಗ್ಯಾರೇಜಿನ ಹುಡುಗನಿಗೆ. "ಗಾಡಿಗೆ ಏನೂ ಉಪಯೋಗ ಇಲ್ಲ" ಅಂತ ಅಣ್ಣ ಹೇಳಿದ್ದು ಸುಳ್ಳಲ್ಲ. ಗಾಡಿಗೆ ಇಲ್ಲ, ನಿಜ.

ಈ ಪೈಪ್ ಎಲ್ಲವನ್ನೂ ಸರಿ ಮಾಡಲ್ಲ ಅನ್ನೋದನ್ನೂ ಹೇಳಬೇಕು. ನೈಟ್ರೋಜನ್ ಆಕ್ಸೈಡ್ ಇದರಿಂದ ಕಡಿಮೆ ಆಗಲ್ಲ. ಅದನ್ನು ಒಡೆಯೋ ಕನ್ವರ್ಟರಿಗೆ ಹೆಚ್ಚಿನ ಗಾಳಿ ಉಲ್ಟಾ ತೊಂದರೆ. ಅದಕ್ಕೇ ಈ ಪದ್ಧತಿ ಇರೋ ಈಗಿನ ಕಾರುಗಳಲ್ಲಿ ಗಾಳಿ ಪಂಪ್ ಸಾಮಾನ್ಯವಾಗಿ ತಣ್ಣಗಿನ ಇಂಜಿನ್ ಶುರುವಾದಾಗ ಸ್ವಲ್ಪ ಹೊತ್ತು ಮಾತ್ರ ಓಡುತ್ತೆ, ಕನ್ವರ್ಟರ್ ಬೇಗ ಬಿಸಿಯಾಗಲಿ ಅಂತ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲೂ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು, ಪೆಟ್ರೋಲ್ ಮೊದಲೇ ಅಳತೆಯಾಗಿ ಬೀಳುತ್ತೆ. ಆದರೆ ನಮ್ಮ ಅಪ್ಪಂದಿರು ಕೊಟ್ಟ ಹಳೇ ಗಾಡಿಗಳು ಕ್ಯಾಂಪಸ್ ಪಾರ್ಕಿಂಗ್ ತುಂಬ ಇವೆ. ಅವುಗಳಿಗೆ ಆ ಪುಟ್ಟ ಉಕ್ಕಿನ ನಾಲಿಗೆಯೇ ಗತಿ.

ಅಣ್ಣ ಪೂರ್ತಿ ಬದಲಾದರು ಅಂತ ಬರೆದರೆ ಸುಳ್ಳಾಗುತ್ತೆ. ಮೊನ್ನೆ ಯಾರೋ ಬಂದು "ಪಟ್ ಪಟ್ ಅಂತಿದೆ, ಬ್ಲಾಕ್ ಮಾಡಿಕೊಡಿ, ಅರ್ಜೆಂಟ್" ಅಂದಾಗ ಮಾಡಿಕೊಟ್ಟರು. "ಗಿರಾಕಿ ಕೇಳಿದ್ರೆ ಏನ್ ಮಾಡ್ಲಿ?" ಅಂದರು. ಆದರೆ ಮೊದಲು ಸಣ್ಣ ಟ್ಯೂಬ್ ಹಿಡಿದು, ಬಗ್ಗಿಸಿ, ಬಿರುಕಿದೆಯಾ ಅಂತ ನೋಡಿದ್ದನ್ನು ನಾವು ನೋಡಿದ್ದೀವಿ. ಬಿರುಕಿದ್ದರೆ ಟ್ಯೂಬ್ ಹಾಕ್ತಾರೆ, ಬೋಲ್ಟ್ ಮುಟ್ಟಲ್ಲ. ಮಳೆ ಬಂದರೂ ಶಟರ್ ಎತ್ತೇ ಇರುತ್ತೆ. ತಲೆನೋವಿಗೆ ಡಾಕ್ಟರ್ ಹತ್ತಿರ ಹೋಗಿ ಅಂತ ನಾವು ಮೂರು ಸಲ ಹೇಳಿದ್ದೀವಿ, ಇನ್ನೂ ಹೋಗಿಲ್ಲ. ಈ ವಾರ ಮತ್ತೆ ಹೇಳ್ತೀವಿ.

ಓದಿದ ನಿಮಗೆ ಒಂದೇ ಕೆಲಸ. ನಿಮ್ಮ ಹಳೇ ಬೈಕ್ ಆಕ್ಸಿಲರೇಟರ್ ಬಿಟ್ಟಾಗ ಪಟ್ ಪಟ್ ಅಂದರೆ ಮೊದಲು ಆ ಗೇಣುದ್ದದ ಟ್ಯೂಬ್ ನೋಡಿ. ಅದು ಚೆನ್ನಾಗಿದ್ದರೆ ಸೈಲೆನ್ಸರ್ ಇಂಜಿನ್ನಿಗೆ ಸೇರೋ ಕಡೆ ಗ್ಯಾಸ್ಕೆಟ್ ಲೀಕ್ ಇದೆಯಾ ನೋಡಿಸಿ, ಅಲ್ಲಿಂದ ಕಳ್ಳಗಾಳಿ ಬಂದರೂ ಅದೇ ಸದ್ದು. ಗಾಳಿ ಪೈಪ್ ಮುಚ್ಚೋದು ಬೇಡ. ನಮ್ಮ ಬೋಲ್ಟ್ ಈಗ ಹಾಸ್ಟೆಲ್ ಮೇಜಿನ ಮೇಲೆ ನೋಟ್ಸ್ ಹಾರದ ಹಾಗೆ ಕಾಯ್ತಾ ಇದೆ.

ಮುಂದಿನ ಇಂಟರ್ನಲ್ಸ್‌ನಲ್ಲಿ ಇದೇ ಪ್ರಶ್ನೆ ಬಂದರೆ ಮತ್ತೆ ಇಂಗ್ಲಿಷಿನಲ್ಲೇ ಬರೀತೀವಿ, ಮಾರ್ಕ್ಸ್ ಬೇಕಲ್ಲ. ಆದರೆ ಬರೆಯುವಾಗ ಕಣ್ಣ ಮುಂದೆ ಬರೋದು ಪುಸ್ತಕದ ಬಾಣದ ಗುರುತಿನ ಚಿತ್ರ ಅಲ್ಲ, ಸಕಲೇಶಪುರದ ಬಚ್ಚಲ ಒಲೆ.